ಡೆನ್ಮಾರ್ಕಿನ ಗಬ್ಬದ ಹಂದಿ, ನಮ್ಮ ಮನೆಯ ಬಸುರಿ

ಪರದೇಶಕ್ಕೆ ಹೋಗಿ ಬಂದವರು ಹಿಮದ ಬಗ್ಗೆ ಬರೆಯುತ್ತಾರೆ, ಅರಮನೆ, ಸೇತುವೆ, ಗಡಿಯಾರದ ಗೋಪುರಗಳ ಬಗ್ಗೆ ಬರೆಯುತ್ತಾರೆ. ನಾನು ನೋಡಿದ್ದು ಹಂದಿ. ಬೆಳಗೆದ್ದರೆ ಹಂದಿ, ಸಂಜೆಯಾದರೆ ಹಂದಿ, ನಡುವೆ ಒಂದಿಷ್ಟು ಮಳೆ. ಡೆನ್ಮಾರ್ಕಿನಲ್ಲಿ ಮೂರು ತಿಂಗಳು ಇದ್ದು ಬಂದರೂ ಸಮುದ್ರವನ್ನು ನೋಡಿದ್ದು ಬಸ್ಸಿನ ಕಿಟಕಿಯಿಂದಲೇ. ಸುಂದರ ದೃಶ್ಯಗಳನ್ನು ಬಯಸುವವರು ಪುಸ್ತಕವನ್ನು ಇಲ್ಲಿಗೇ ಮುಚ್ಚಿಟ್ಟರೆ ನನಗೇನೂ ಬೇಸರವಿಲ್ಲ.

ಬಂಗಾರಪೇಟೆ

ಎಂಬತ್ತರ ದಶಕದ ಮಾತು. ಉರಿಗಾಂನ ಚಿನ್ನದ ಗಣಿ ಕಾರ್ಮಿಕರ ಸಾಲುಮನೆಗಳಲ್ಲಿ, ಅಂದರೆ ಲೈನುಗಳಲ್ಲಿ, ಹಂದಿ ಸಾಕುವ ಹೆಂಗಸರದ್ದೊಂದು ಸಣ್ಣ ಸಂಘವಿತ್ತು. ಅಲ್ಲಿ ನನಗೆ ಕೆಲಸ. ರಾಬರ್ಟ್‌ಸನ್‌ಪೇಟೆಯ ಹೋಟೆಲುಗಳಿಂದ ಬರುವ ಮುಸುರೆಗೆ ತವುಡು, ಕಡಲೆಕಾಯಿ ಹಿಂಡಿ, ಖನಿಜದ ಪುಡಿ ಬೆರೆಸಿ ಕೊಡುವುದು, ಗಬ್ಬದ ಹಂದಿಗೆ ಎಷ್ಟು, ಮರಿಗೆ ಎಷ್ಟು ಎಂದು ಹೇಳುವುದು, ಹುಟ್ಟಿದ ಮರಿಗಳಿಗೆ ಕಬ್ಬಿಣಾಂಶದ ಇಂಜೆಕ್ಷನ್ ಚುಚ್ಚುವುದು. ಸಂಘಕ್ಕೆ ದುಡ್ಡು ಕೊಡುತ್ತಿದ್ದ ಪರದೇಶದವರೇ ನನ್ನನ್ನು ತರಬೇತಿಗೆ ಕರೆಸಿಕೊಂಡರು. ಹೊರಡುವ ಮುನ್ನ ಲೈನಿನ ಸೆಲ್ವಿ ಎಂಬಾಕೆ, "ಸಾರ್, ಅಂಗೆ ಪೋಯ್ ನಮ್ಮನ್ನ ಮರೀಬೇಡಿ, ನಮ್ ಪನ್ನಿಗೆ ನಲ್ಲ ಮರುಂದು ತಗೊಂಡ್ ಬನ್ನಿ" ಎಂದು ತಮಿಳು ಕನ್ನಡ ಬೆರೆಸಿ ಹರಸಿದಳು. ಪರದೇಶಕ್ಕೆ ಹೋಗುವುದು ಹಂದಿಗೆ ಔಷಧ ತರುವುದಕ್ಕೆ ಎಂದು ಬಾಯಿಬಿಟ್ಟು ಹೇಳಿ ಸಂತೋಷಪಟ್ಟವಳು ಅವಳೊಬ್ಬಳೇ.

ನಮ್ಮದು ಬಂಗಾರಪೇಟೆಯ ಪಕ್ಕದ ಹಳ್ಳಿ. ಹೊಲ, ಎರಡು ಹಸು, ಡೇರಿಗೆ ಹಾಲು. ನಮ್ಮ ಮನೆಯಲ್ಲಿ ಕೋಳಿ ನಡೆಯುತ್ತದೆ, ಕುರಿ ನಡೆಯುತ್ತದೆ, ಹಂದಿ ಎಂಬ ಮಾತು ಕೂಡ ನಡೆಯುವುದಿಲ್ಲ. ಉರಿಗಾಂನಿಂದ ಸೈಕಲ್ಲಿನಲ್ಲಿ ಬಂದವನು ಹಿತ್ತಲಿನಲ್ಲೇ ಬಟ್ಟೆ ಬಿಚ್ಚಿ, ತಲೆಗೆ ನೀರು ಸುರಿದುಕೊಂಡು, ಆಮೇಲೆ ಒಳಗೆ ಕಾಲಿಡಬೇಕು. ಸಂಬಳಕ್ಕೆ ಮಾತ್ರ ಸ್ನಾನವಿರಲಿಲ್ಲ, ಅದು ನೇರವಾಗಿ ಅಮ್ಮನ ಕೈಗೆ ಹೋಗುತ್ತಿತ್ತು. ಅಪ್ಪ ಹೋದ ಮೇಲೆ ಮನೆ ನಡೆಯುತ್ತಿದ್ದದ್ದು ಅಮ್ಮನ ಮಾತಿನಂತೆ.

ಸ್ಟೇಷನ್ನಿನಲ್ಲಿ ಅಮ್ಮ ನನ್ನನ್ನು ಪಕ್ಕಕ್ಕೆ ಎಳೆದಳು.

"ಮುನಿರಾಜ, ಯಾರಾನ ಕೇಳುದ್ರೆ ಅಸು ಟ್ರೈನಿಂಗು ಅನ್ನು. ಊರಲ್ಲೆಲ್ಲಾ ಅಂಗೇ ಏಳಿವ್ನಿ. ಅಂದಿ ಗಿಂದಿ ಅಂತ ಬಾಯ್ಬಿಟ್ಟೀಯಾ ಕಣ್ಲಾ, ರತ್ನನ ಅತ್ತೆ ಮನೆಯೋರು ನಮ್ ಬಾಗ್ಲು ತುಳಿಯಾಕಿಲ್ಲ."

"ಆಯ್ತಮ್ಮ. ರತ್ನಂಗೆ ಒಟ್ಟೆ ತುಂಬ ಇಕ್ಕು, ಅಷ್ಟು ಸಾಕು" ಅಂದೆ.

"ನೀನು ಎತ್ತಿದ್ಯಾ? ನಾನು ಏಳು ಎತ್ತಿವ್ನಿ. ನಂಗ್ ಗೊತ್ತು ಬಿಡು."

ರತ್ನ ನನ್ನ ತಂಗಿ. ಏಳು ತಿಂಗಳ ಬಸುರಿ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಬಂದ ದಿನದಿಂದ ಅವಳ ತಟ್ಟೆ ಚಿಕ್ಕದಾಯಿತು. ನಮ್ಮ ಕಡೆಯ ಪದ್ಧತಿ ಹಾಗೆ. ಏಳು ತುಂಬಿದ ಮೇಲೆ ಬಸುರಿ ಹೆಚ್ಚು ಉಣ್ಣಬಾರದು, ಉಂಡರೆ ಹೊಟ್ಟೆಯಲ್ಲಿ ಮಗು ಬೆಳೆದುಬಿಡುತ್ತದೆ, ಬೆಳೆದ ಮಗು ಹೊರಗೆ ಬರುವುದಿಲ್ಲ. ಎಲ್ಲರೂ ಇಡೀ ಮುದ್ದೆ ಉಣ್ಣುವಾಗ ರತ್ನನಿಗೆ ಅರ್ಧ ಮುದ್ದೆ. ಮೊಟ್ಟೆ ಇಲ್ಲ, ಬೇಳೆಯ ಗಟ್ಟಿ ಇಲ್ಲ. ನರ್ಸಮ್ಮ ಕೊಟ್ಟುಹೋದ ಕಬ್ಬಿಣದ ಮಾತ್ರೆಗಳನ್ನು ಅಮ್ಮ ತಿಪ್ಪೆಗೆ ಎಸೆದಳು, ಅದನ್ನು ನುಂಗಿದರೆ ಮಗು ಕಪ್ಪಗೆ ಹುಟ್ಟುತ್ತದಂತೆ. ಅದೇ ಹೊತ್ತಿಗೆ ಕೊಟ್ಟಿಗೆಯಲ್ಲಿ ಗಬ್ಬವಾಗಿದ್ದ ಹಸುವಿಗೆ ಹುರುಳಿ ಬೇಯಿಸಿ ಹಿಂಡಿ ಕಲಸಿ ಇಡುತ್ತಿದ್ದಳು. ಕೇಳಿದರೆ, "ಅಸು ಆಲ್ ಕೊಡ್ಬೇಕಲ್ಲ" ಎನ್ನುತ್ತಿದ್ದಳು.

ಅಮ್ಮ ಕೆಟ್ಟವಳಲ್ಲ. ಅವಳ ಅಕ್ಕ ಹೆರಲಾರದೆ ಸತ್ತವಳು. ದಪ್ಪ ಮಗು ಅಡ್ಡ ಸಿಕ್ಕಿಕೊಂಡಿತ್ತು, ಅಮ್ಮ ಆಗ ಹುಡುಗಿ, ಪಕ್ಕದಲ್ಲಿ ಕೂತು ಕೊನೆಯವರೆಗೂ ಅಕ್ಕನ ಕೈ ಹಿಡಿದಿದ್ದಳಂತೆ. ಆ ಭಯದ ಮುಂದೆ ನರ್ಸಮ್ಮನ ಮಾತು ಯಾವ ಲೆಕ್ಕ? ಇದೆಲ್ಲ ನನಗೆ ಗೊತ್ತು. ಗೊತ್ತಿದ್ದರೂ ರೈಲು ಹತ್ತುವಾಗ ನನಗೆ ಅಮ್ಮನ ಮೇಲೆ ಸಿಟ್ಟೇ ಇತ್ತು.

ಹಂದಿಯ ಮಡಿ

ತರಬೇತಿಯ ಪಾಠ ಒಂದು ಸಣ್ಣ ಪಟ್ಟಣದಲ್ಲಿ, ವಾಸ ಮಾತ್ರ ಯೆನ್ಸ್ ಎಂಬ ರೈತನ ಮನೆಯಲ್ಲಿ. ಆತ ಆರಡಿ ಮೀರಿದ ಮನುಷ್ಯ, ಮಾತು ಕಡಿಮೆ. ಹೆಂಡತಿ ಕಿರ್ಸ್ಟನ್, ಮಾತು ಜಾಸ್ತಿ. ಇಬ್ಬರಿಗೂ ಇಂಗ್ಲಿಷ್ ನನ್ನಷ್ಟೇ ಬರುತ್ತಿತ್ತು, ಅಂದರೆ ಅಷ್ಟಕ್ಕಷ್ಟೇ. ಹೀಗಾಗಿ ನಾವು ಮೂವರೂ ಒಬ್ಬರನ್ನೊಬ್ಬರು ಚೆನ್ನಾಗಿ ಅರ್ಥ ಮಾಡಿಕೊಂಡೆವು.

ಮೊದಲ ಬೆಳಿಗ್ಗೆ ಯೆನ್ಸ್ ನನ್ನನ್ನು ಹಂದಿಮನೆಗೆ ಕರೆದೊಯ್ದ. ಬಾಗಿಲ ಬಳಿ ಒಂದು ಬಚ್ಚಲು. ಬಟ್ಟೆ ಬಿಚ್ಚಿ ಸ್ನಾನ ಮಾಡು ಎಂದ. ಈಗ ತಾನೇ ಮಾಡಿ ಬಂದೆನಲ್ಲ ಎಂದೆ. ಅದು ನಿನಗಾಯಿತು, ಇದು ಹಂದಿಗೆ ಎಂದ. ಹೊರಗಿನಿಂದ ಬಂದ ಮನುಷ್ಯನ ಮೈಯ ರೋಗ ಹಂದಿಗೆ ತಗುಲಬಾರದಂತೆ. ವಾಚು, ಉಂಗುರ, ಚಪ್ಪಲಿ ಎಲ್ಲ ಹೊರಗೇ ಬಿಡಬೇಕು. ಕೊನೆಗೆ ಅವನ ಕಣ್ಣು ನನ್ನ ಸೊಂಟದ ಉಡಿದಾರದ ಮೇಲೆ ಬಿತ್ತು. ಅದನ್ನೂ ಬಿಚ್ಚು ಎಂದ. ಸತ್ತಾಗ ಮಾತ್ರ ಬಿಚ್ಚುವಂಥದ್ದು ಎಂದು ನನ್ನ ಮುರುಕು ಇಂಗ್ಲಿಷಿನಲ್ಲಿ ವಿವರಿಸಿದೆ. ಯೆನ್ಸ್ ಗಾಬರಿಯಾಗಿ ನನಗೇನೋ ಕಾಯಿಲೆ ಇದೆಯೆಂದು ತಿಳಿದು, ಹೆಂಡತಿಯನ್ನು ಕೂಗಿದ. ನಾನು ಟವೆಲ್ಲು ಸುತ್ತಿಕೊಂಡು ನಿಂತಿದ್ದೆ, ಗಂಡಹೆಂಡಿರು ಬಾಗಿಲ ಆಚೆ ಅವರ ಭಾಷೆಯಲ್ಲಿ ನನ್ನ ಉಡಿದಾರದ ಪಂಚಾಯಿತಿ ನಡೆಸಿದರು. ಕೊನೆಗೆ ಅದಕ್ಕೂ ಸೋಪು ಹಚ್ಚಿ ತೊಳೆಯಬೇಕೆಂದು ತೀರ್ಮಾನವಾಯಿತು.

ಸೋಪು ಹಚ್ಚುತ್ತಾ ನಗು ಬಂತು, ಆಮೇಲೆ ನಗು ನಿಂತಿತು. ನಮ್ಮೂರಲ್ಲಿ ಹಂದಿ ಮುಟ್ಟಿದ್ದಕ್ಕೆ ನಾನು ಸ್ನಾನ ಮಾಡಬೇಕು, ಇಲ್ಲಿ ಹಂದಿಯನ್ನು ಮುಟ್ಟಬೇಕಾದರೆ ಸ್ನಾನ ಮಾಡಬೇಕು. ಎರಡು ಕಡೆಯೂ ಮೈಲಿಗೆ ನನ್ನದೇ.

ಸೊಂಟದ ಮೂಳೆ

ಒಳಗೆ ಗಬ್ಬದ ಹಂದಿಗಳು ಸಾಲಾಗಿ ನಿಂತಿದ್ದವು. ನಮ್ಮ ಉರಿಗಾಂನ ಚರಂಡಿ ಬದಿಯ ಕಪ್ಪು ಹಂದಿ ನೋಡಿದವನಿಗೆ ಇವು ಬೇರೆಯೇ ಜಾತಿಯ ಪ್ರಾಣಿ ಎನ್ನಿಸುತ್ತವೆ. ಗುಲಾಬಿ ಮೈ, ಮಂಚದಷ್ಟು ಉದ್ದ. ಯೆನ್ಸ್ ಒಂದೊಂದರ ಹಿಂದೆ ನಿಂತು ಅಂಗೈಯಿಂದ ಸೊಂಟ ಒತ್ತುತ್ತಿದ್ದ. ಜೋರಾಗಿ ಒತ್ತಿದರೆ ಮಾತ್ರ ಮೂಳೆ ಸಿಗಬೇಕು, ಆಗ ಹಂದಿ ಸರಿಯಾಗಿದೆ. ಒತ್ತದೆಯೇ ಸಿಕ್ಕರೆ ಬಡಕಲು, ಮೇವು ಏರಿಸಬೇಕು. ಎಷ್ಟು ಒತ್ತಿದರೂ ಸಿಗದಿದ್ದರೆ ಕೊಬ್ಬಿದೆ, ಇಳಿಸಬೇಕು. ಕೊಬ್ಬಿದ ಹಂದಿ ಈಯುವಾಗ ಕಷ್ಟಪಡುತ್ತದೆ ಎಂದೂ ಹೇಳಿದ. ಅಮ್ಮ ಇದನ್ನು ಕೇಳಿದ್ದರೆ, ನೋಡ್ದಾ, ನಾನ್ ಏಳಿದ್ದೂ ಅದೇ ಅಲ್ವಾ ಎನ್ನುತ್ತಿದ್ದಳು.

ಆದರೆ ಯೆನ್ಸ್ ಅಲ್ಲಿಗೆ ನಿಲ್ಲಿಸಲಿಲ್ಲ. ಕೊನೆಯ ತಿಂಗಳ ಹಂದಿಗಳ ಮುಂದೆ ಬಂದಾಗ ಬಕೆಟ್ಟಿಗೆ ಇನ್ನೊಂದು ಸೇರು ಸುರಿದ. ಹೊಟ್ಟೆಯ ಮರಿ ನಿಜವಾಗಿ ಬೆಳೆಯುವುದು ಈಗಲೇ, ಈಗ ಕೊಡದಿದ್ದರೆ ಮರಿ ತಾಯಿಯ ಮೂಳೆಯನ್ನೇ ತಿನ್ನುತ್ತದೆ, ಸಣ್ಣ ಮರಿ ಹುಟ್ಟುವುದು ಸುಲಭ, ಬದುಕುವುದು ಕಷ್ಟ ಎಂದ. ಬಾರ್ಲಿ, ಗೋಧಿ, ಸೋಯಾ ಹಿಂಡಿ, ಮೀನಿನ ಪುಡಿ, ಸುಣ್ಣ, ಖನಿಜ, ಮೇಲೊಂದು ಚಿಟಿಕೆ ವಿಟಮಿನ್ ಪುಡಿ. ಇವನ್ನೆಲ್ಲ ನಾನು ಪುಸ್ತಕದಲ್ಲಿ ಓದಿದ್ದೆ, ಉರಿಗಾಂನಲ್ಲಿ ಹೇಳಿಯೂ ಇದ್ದೆ. ಆದರೆ ಅಷ್ಟು ಹಂದಿಗಳು ತೊಟ್ಟಿಗೆ ಮುಖವಿಟ್ಟು ಚಪ್ಪರಿಸಿ ತಿನ್ನುವ ಸದ್ದನ್ನು ಮೊದಲ ಸಲ ಕೇಳಿದಾಗ ನನಗೆ ನೆನಪಾಗಿದ್ದು ರತ್ನ. ಅರ್ಧ ಮುದ್ದೆ ಮುಗಿಸಿ, ತಟ್ಟೆಯ ಅಂಚಿನ ಸಾರನ್ನು ಬೆರಳಿನಿಂದ ಬಳಿದು ನೆಕ್ಕುತ್ತಿದ್ದ ನನ್ನ ತಂಗಿ. ಅವಳ ಸೊಂಟದ ಮೂಳೆ ಸೀರೆಯ ಮೇಲಿನಿಂದಲೇ ಕಾಣುತ್ತಿತ್ತು, ಒತ್ತುವ ಅಗತ್ಯವಿರಲಿಲ್ಲ.

ಪಕ್ಕದ ಕೋಣೆಯಲ್ಲಿ ಈದ ಹಂದಿಗಳು. ಮರಿಗಳಿಗೆ ಕಬ್ಬಿಣದ ಇಂಜೆಕ್ಷನ್ ಕೊಡುವ ಕೆಲಸ ನನಗೆ ಬಿತ್ತು. ನನಗದು ಬಾಯಿಪಾಠ, ಚಕಚಕನೆ ಚುಚ್ಚಿದೆ. ಇದಿಲ್ಲದಿದ್ದರೆ ಇವು ಬಿಳಿಚಿಕೊಳ್ಳುತ್ತವೆ ಎಂದು ಯೆನ್ಸ್ ವಿವರಿಸಲು ಬಂದ. ಗೊತ್ತು ಮಾರಾಯ ಎಂದು ಕನ್ನಡದಲ್ಲೇ ಹೇಳಿದೆ.

ಊಟದ ಮೇಜು

ಈ ಜನ ಮಧ್ಯಾಹ್ನ ತಣ್ಣನೆಯ ರೊಟ್ಟಿ ತಿನ್ನುತ್ತಾರೆ. ಕರೀ ರೊಟ್ಟಿಯ ಮೇಲೆ ಬೆಣ್ಣೆ, ಬೆಣ್ಣೆಯ ಮೇಲೆ ಹಂದಿಯ ಈಲಿ, ಅಂದರೆ ಲಿವರ್, ಅರೆದದ್ದು, ಅದರ ಮೇಲೆ ಸೌತೆಕಾಯಿ. ಕೈಯಲ್ಲಿ ಎತ್ತದೆ ಚಾಕು ಮುಳ್ಳುಚಮಚದಲ್ಲಿ ಕತ್ತರಿಸಿ ತಿನ್ನುವುದು ಮರ್ಯಾದೆ. ನಾನು ಸೌತೆಕಾಯಿಯನ್ನು ಮಾತ್ರ ಬಿಡಿಸಿಕೊಂಡು ತಿನ್ನುವುದನ್ನು ನೋಡಿ ಕಿರ್ಸ್ಟನ್, ಹಂದಿಗಾಗಿ ಭೂಮಿ ಸುತ್ತಿ ಬಂದವನು ಹಂದಿ ತಿನ್ನುವುದಿಲ್ಲವೇ ಎಂದಳು. ನಮ್ಮ ಮನೆಯವರು ತಿನ್ನುವುದಿಲ್ಲ ಎಂದೆ. ಮರುದಿನದಿಂದ ನನಗೆ ಮೊಟ್ಟೆ ಬೇಯಿಸಿಟ್ಟಳು. ದಿನಾ ಎರಡು.

ಒಂದು ದಿನ ಮನೆಯಲ್ಲಿ ಯಾರ್‍ಯಾರಿದ್ದಾರೆ ಎಂದು ಕೇಳಿದಳು. ರತ್ನನ ವಿಷಯ ಹೇಳಿದೆ. ಅವಳ ಮುಖ ಅರಳಿತು. "ನಿಮ್ಮ ದೇಶದಲ್ಲಿ ಬಸುರಿಯರಿಗೆ ವಿಶೇಷವಾಗಿ ಏನು ಕೊಡುತ್ತೀರಿ?" ಎಂದಳು.

ನಾನು ಸುಳ್ಳು ಹೇಳಿದೆ. ತುಪ್ಪ, ಹಾಲು, ಕೊಬ್ಬರಿ, ಬೆಲ್ಲ, ಬಯಸಿದ್ದೆಲ್ಲ ಎಂದೆ. ಸೀಮಂತ, ಹಸಿರು ಬಳೆ, ಹೂವಿನ ಜಡೆ ಎಂದೆಲ್ಲ ವರ್ಣಿಸಿದೆ. ಸೀಮಂತವೇನೋ ನಿಜವೇ, ಹೂವನ್ನೂ ಮುಡಿಸಿದ್ದೆವು. ಎಷ್ಟು ಚಂದದ ದೇಶ ಎಂದು ಕಿರ್ಸ್ಟನ್ ನಿಟ್ಟುಸಿರು ಬಿಟ್ಟಳು. ಹಂದಿಗೆ ಹಾಕುವಷ್ಟನ್ನೂ ತಂಗಿಗೆ ಹಾಕುತ್ತಿಲ್ಲ ಎಂದು ಪರದೇಶದ ಮೇಜಿನ ಮೇಲೆ ಯಾವ ನಾಲಗೆಯಿಂದ ಹೇಳಲಿ? ಅವತ್ತು ಊಟ ಮುಗಿಸಿ ಎದ್ದವನೇ, ಊರಿಗೆ ಫೋನ್ ಮಾಡಬೇಕು ಎಂದು ಯೆನ್ಸ್‌ಗೆ ಹೇಳಿದೆ.

ರೈಸ್ ಮಿಲ್ಲಿನ ಫೋನು

ನಮ್ಮೂರಿನಲ್ಲಿ ಇದ್ದದ್ದು ಒಂದೇ ಫೋನು, ರೈಸ್ ಮಿಲ್ಲಿನಲ್ಲಿ. ಅಲ್ಲಿ ರೈಟರಾಗಿದ್ದ ವೆಂಕಟಪ್ಪನಿಗೆ ಅದರ ಮೇಲೆ ಸಂಪೂರ್ಣ ಅಧಿಕಾರ. ಆಪರೇಟರಮ್ಮಂದಿರು ಒಬ್ಬರಿಂದೊಬ್ಬರಿಗೆ ನನ್ನನ್ನು ದಾಟಿಸಿ, ಕೊನೆಗೆ ಮಿಲ್ಲಿನ ಗಡಗಡ ಸದ್ದು ಕೇಳಿದಾಗ ನನಗೆ ಅಳುವೇ ಬಂತು. ಅಮ್ಮನನ್ನು ಕರೆಸು, ಮತ್ತೆ ಮಾಡುತ್ತೇನೆ ಎಂದೆ. ಮತ್ತೆ ಮಾಡಿದಾಗ ಅಮ್ಮ ಬಂದಿದ್ದಳು, ಅವಳ ಹಿಂದೆ ಅರ್ಧ ಊರೂ ಬಂದಿತ್ತು. ಸೀಮೆ ಹಸುವಿನ ದೇಶದಿಂದ ಫೋನು ಎಂದರೆ ಸುಮ್ಮನೆಯೇ?

ಅಮ್ಮ ಎಂದೂ ಫೋನು ಹಿಡಿದವಳಲ್ಲ. ಕಿವಿಗಿಟ್ಟುಕೊಳ್ಳಲು ಹೆದರಿದಳು. ವೆಂಕಟಪ್ಪನೇ ಹಿಡಿದುಕೊಂಡ. ನಾನು ಹೇಳಿದ್ದನ್ನು ಅವನು ಮಿಲ್ಲಿನ ಸದ್ದಿನ ಮೇಲೆ ಕೂಗಬೇಕು, ಅಮ್ಮ ಹೇಳಿದ್ದನ್ನು ನನಗೆ ತಲುಪಿಸಬೇಕು. ಆ ಕಾಲದಲ್ಲಿ ಫೋನು ಎಂದರೆ ಹಾಗೇ.

"ರತ್ನ ಎಂಗವ್ಳೆ?"

"ಚೆನ್ನಾಗವ್ಳಂತೆ!"

"ಒಟ್ಟೆ ತುಂಬ ಇಕ್ತಾ ಇದ್ದಾರಾ ಕೇಳು."

ಏನೋ ಗುಜುಗುಜು. "ಎರಿಗೆ ಅತ್ರ ಬಂತು, ಈಗ ಇನ್ನೂ ಕಮ್ಮಿ ಮಾಡವ್ನಿ, ಗಂಜಿ ಇಕ್ತಾ ಇವ್ನಿ ಅಂತವ್ಳೆ ನಿಮ್ಮಮ್ಮ!"

ನನ್ನ ತಲೆಗೆ ರಕ್ತ ಏರಿತು. ಬೆಳಗಿನಿಂದ ಕೊನೆಯ ತಿಂಗಳ ಹಂದಿಗಳಿಗೆ ಬಕೆಟ್ಟು ಹೊತ್ತ ತೋಳು ಇನ್ನೂ ನೋಯುತ್ತಿತ್ತು. ಕೂಗಿದೆ. "ಇಲ್ಲಿ ಗಬ್ಬದ ಹಂದಿಗೆ ಕೊನೇ ತಿಂಗಳಲ್ಲಿ ಜಾಸ್ತಿ ಇಕ್ತಾರೆ ಅಂತ ಹೇಳು! ಹಂದಿಗಿಕ್ಕುವಷ್ಟಾದರೂ ನನ್ನ ತಂಗಿಗೆ ಇಕ್ಕಬೇಕು ಅಂತ ಹೇಳು!"

ವೆಂಕಟಪ್ಪ ಕರ್ತವ್ಯನಿಷ್ಠ. ಒಂದಕ್ಷರ ಬಿಡದೆ ಕೂಗಿದ. "ಅಲ್ಲಿ ಗಬ್ಬದ ಅಂದಿಗೆ ಬೋ ಇಕ್ತಾರಂತೆ! ಮುನಿರಾಜ ಅಂದಿ ಟ್ರೈನಿಂಗ್‌ಗೆ ಓಗಿರೋದಂತೆ ಕಣ್ರಪ್ಪೋ! ರತ್ನಂಗೂ ಅಂದಿಗಿಕ್ಕಿದಂಗೇ ಇಕ್ಕಬೇಕಂತೆ!"

ಟ್ರೈನಿಂಗಿನ ಮಾತನ್ನು ಅವನೇ ಸೇರಿಸಿದ್ದು. ಮಿಲ್ಲಿನ ಸದ್ದನ್ನೂ ಮೀರಿ ನಗು ಕೇಳಿಸಿತು. ಸಾವಿರಾರು ಮೈಲಿ ದೂರದ ನಗು, ತಂತಿಯಲ್ಲಿ ಹರಿದು ಬಂದು ಯೆನ್ಸ್‌ನ ಅಡುಗೆಮನೆಯಲ್ಲಿ ಇಳಿಯಿತು. ಆಮೇಲೆ ಅಮ್ಮನ ದನಿ ಮೊದಲ ಬಾರಿಗೆ ನೇರವಾಗಿ ಕೇಳಿತು, ಅವಳು ಫೋನು ಕಿತ್ತುಕೊಂಡಿದ್ದಳು.

"ನನ್ ಮಗಳು ಅಂದೀನೇನ್ಲಾ? ನೀನು ನನ್ ಒಟ್ಟೇಲಿ ಯಾಕ್ಲಾ ಉಟ್ಟಿದೆ?"

ಲೈನು ಕಡಿಯಿತು. ಎಲ್ಲ ಕ್ಷೇಮವೇ ಎಂದು ಕಿರ್ಸ್ಟನ್ ಕೇಳಿದಳು. ಕ್ಷೇಮ ಎಂದೆ. ನಾನು ಹೇಳಿದ್ದು ತಪ್ಪೆಂದು ಇವತ್ತಿಗೂ ಒಪ್ಪುವುದಿಲ್ಲ. ಕೊನೆಯ ತಿಂಗಳಲ್ಲಿ ಹೊಟ್ಟೆ ತುಂಬ ಇಕ್ಕಬೇಕು ಎಂಬ ಸತ್ಯವನ್ನು ನಾನು ಹಂದಿಯಿಂದ ಕಲಿತೆ, ಹಂದಿಯ ಹೆಸರಿನಲ್ಲೇ ಹೇಳಿದೆ. ಕುದುರೆಯಿಂದ ಕಲಿತಿದ್ದರೆ ಊರು ತಲೆಯಾಡಿಸುತ್ತಿತ್ತೇನೋ.

ವಾಪಸು

ಉಳಿದ ವಾರಗಳಲ್ಲಿ ನಾನು ಏನು ನೋಡಿದೆ, ಏನು ಕಲಿತೆ ಎಂದು ಕೇಳಬೇಡಿ. ಸರ್ಟಿಫಿಕೇಟು ಕೊಟ್ಟರು, ಫೋಟೋ ತೆಗೆದರು. ಮತ್ತೆರಡು ಸಲ ಫೋನು ಮಾಡಿದೆ, ನನ್ನ ದನಿ ಕೇಳಿದರೆ ಸಾಕು, ವೆಂಕಟಪ್ಪ ನಗುತ್ತಲೇ ನಿಮ್ಮಮ್ಮ ಬರಾಕಿಲ್ಲ ಅಂತವ್ಳೆ ಅಂದ. ಯೆನ್ಸ್ ನನ್ನ ಪೆಟ್ಟಿಗೆಯಲ್ಲಿ ಹಂದಿಯ ಖನಿಜ ಪುಡಿಯ ಪೊಟ್ಟಣಗಳನ್ನು ತಾನೇ ತುಂಬಿಸಿದ. ಮದ್ರಾಸಿನ ಕಸ್ಟಮ್ಸಿನವನು ಅವನ್ನು ಮೂಸಿ ನೋಡಿ, ಏನಿದು ಎಂದ. ಬಸುರಿಯರಿಗೆ ಎಂದೆ. ಬಿಟ್ಟುಕಳಿಸಿದ.

ಬಂಗಾರಪೇಟೆಯಲ್ಲಿ ಇಳಿದಾಗ ಚಿಕ್ಕಪ್ಪ ಒಬ್ಬನೇ ಬಂದಿದ್ದ. ಪೆಟ್ಟಿಗೆ ಎತ್ತಿಕೊಂಡು, ನನ್ನ ಮುಖ ನೋಡದೆ ಹೇಳಿದ. "ಎರಿಗೆ ಸಲೀಸಾಯ್ತಪ್ಪಾ. ಎಣ್ಣು ಕೂಸು. ಎಸರಿಡಾಕೆ ಮುಂಚೇನೇ ಓಯ್ತು. ಬೋ ಸಣ್ಣದಿತ್ತು, ನನ್ ಅಂಗೈ ಒಳಗೆ ಕೂರೋದು."

ಮನೆಗೆ ಬಂದೆ. ಹಿತ್ತಲಿಗೆ ಹೋಗಲಿಲ್ಲ, ಚಪ್ಪಲಿಯನ್ನೂ ಬಿಡಲಿಲ್ಲ. ಅಮ್ಮ ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದಳು. ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. ಬಂದು ಹೋದವರಿಗೆಲ್ಲ ಹೇಳಿ ಹೇಳಿ ಸವೆದ ಮಾತನ್ನೇ ನನಗೂ ಹೇಳಿದಳು. "ಎರಿಗೆ ಸಲೀಸಾಯ್ತು ಮುನಿರಾಜ. ಒಂದ್ ಗಳಿಗೆ ನೋವಿಲ್ಲ. ನಮ್ಮಕ್ಕನ್ ತರ ಆಗ್ಲಿಲ್ಲ, ನನ್ ಮಗಳು ಉಳಕೊಂಡ್ಳು." ಅವಳ ಕಣ್ಣಲ್ಲಿ ನೀರೂ ಇತ್ತು, ಗೆದ್ದ ಹೆಮ್ಮೆಯೂ ಇತ್ತು. ನಾನು ಏನು ಮಾತಾಡಿದರೂ ಒಂದು ಸಾವನ್ನು ಎತ್ತಿ ಅವಳ ತಲೆಯ ಮೇಲೆ ಹಾಕಿದ ಹಾಗೆ. ಕೋಣೆಗೆ ಹೋದೆ.

ರತ್ನ ಚಾಪೆಯ ಮೇಲೆ ಮಲಗಿದ್ದಳು. ಕಿವಿಗೆ ಬಟ್ಟೆ ಕಟ್ಟಿದ್ದರು. ಮಗು ಹೋದರೂ ಬಾಣಂತಿಯ ಪಥ್ಯ ಹೋಗಿರಲಿಲ್ಲ. ಅನ್ನ, ಮೆಣಸಿನ ಸಾರು, ಅಷ್ಟೇ. ನೀರು ಕುಡಿದರೆ ಶೀತವಾಗುತ್ತದೆಂದು ಅದೂ ಇಲ್ಲ. ತುಟಿ ಒಡೆದಿತ್ತು, ಕಣ್ಣಿನ ಒಳರೆಪ್ಪೆ ಕಾಗದದಂತೆ ಬೆಳ್ಳಗಿತ್ತು.

"ಅವತ್ತು ಫೋನಾದ್ಮೇಲೆ ಅಮ್ಮ ಒಂದಿನ ಮುದ್ದೆ ಇಕ್ಕುದ್ಲು ಅಣ್ಣ" ಎಂದಳು. "ನಾನೇ ಬ್ಯಾಡಾಂದೆ. ತಟ್ಟೆ ಮುಂದೆ ಕೂತ್ರೆ ಬೀದಿಯೋರೆಲ್ಲಾ ಇಣುಕಿ, ಅಂದಿ ಉಣ್ತಾ ಐತಾ ಅನ್ನೋರು."

ಅವಳ ಪಕ್ಕದಲ್ಲಿ ಕೂತೆ. ನನಗೆ ಊರಿನ ಮೇಲೆ, ಮಿಲ್ಲಿನ ಮೇಲೆ, ಆ ಗುಲಾಬಿ ಹಂದಿಗಳ ಮೇಲೆ ಕೂಡ ಬೆಂಕಿಯಂಥ ಸಿಟ್ಟು ಬಂತು. ಅವಳು ನನ್ನ ಕಡೆ ಹೊರಳಿದಳು.

"ಅಲ್ಲಿ ಈದ ಅಂದಿಗೆ ಏನೇನ್ ಇಕ್ತಾರೆ, ಏಳಣ್ಣ."

ಹೇಳಿದೆ. ಬಾರ್ಲಿ, ಗೋಧಿ, ಸೋಯಾ, ಮೀನಿನ ಪುಡಿ. ಎಷ್ಟು ತಿಂದರೆ ಅಷ್ಟು. ಅವಳು ಕಥೆ ಕೇಳುವ ಮಗುವಿನಂತೆ ಕಣ್ಣು ಮುಚ್ಚಿ ಕೇಳಿದಳು.

"ನೀರು?"

"ಗೋಡೆಯಲ್ಲಿ ಒಂದು ನಲ್ಲಿ ಇರುತ್ತೆ. ಮೂತಿಯಿಂದ ಒತ್ತಿದರೆ ಸಾಕು, ನೀರು ಬರುತ್ತೆ."

"ಯಾರ್‍ನೂ ಕೇಳೋದ್ ಬ್ಯಾಡ್ವಾ?"

"ಬ್ಯಾಡ."

ಎದ್ದುಹೋಗಿ ಹಂಡೆಯಿಂದ ದೊಡ್ಡ ಚೊಂಬಿನ ತುಂಬ ನೀರು ತಂದು ಅವಳ ಕೈಗೆ ಕೊಟ್ಟೆ. ಅವಳು ಎದ್ದು ಕೂತು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆದರೆ ಬಾಯಿಗಿಡಲಿಲ್ಲ. ನನ್ನ ಬೆನ್ನ ಹಿಂದೆ ಬಾಗಿಲ ಕಡೆ ನೋಡಿದಳು. ಅಲ್ಲಿ ಅಮ್ಮ ನಿಂತಿದ್ದಳು.

"ಎಲ್ಡೇ ಗುಟುಕು" ಎಂದಳು ಅಮ್ಮ.

ರತ್ನ ಎರಡೇ ಗುಟುಕು ಕುಡಿದು, ತುಂಬಿದ ಚೊಂಬನ್ನು ನನ್ನ ಕೈಗೆ ವಾಪಸು ಕೊಟ್ಟಳು.